ಕೇರಿಗೆ ಅಂಟಿದ ಕೊಳೆ

ಕೋಲಾರದಿಂದ ಚೆನ್ನೈಗೆ ಬಂದ ಹೊಸತರಲ್ಲಿ ‘ಚೇರಿ’ ಎಂಬ ಮಾತು ಕಿವಿಗೆ ಬಿದ್ದಾಗ, ನಮ್ಮ ಕಿವಿ ತಮಿಳರಿಗೆ ಚೆವಿಯಾದಂತೆ ನಮ್ಮ ಕೇರಿಯೇ ಅಲ್ಲಿ ಚೇರಿಯಾಗಿದೆ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪುದುಚ್ಚೇರಿಯ ಹೆಸರಿನಲ್ಲಿ ಗೌರವದಿಂದಲೇ ಕುಳಿತಿರುವ ಆ ಪದ, ತಮಿಳುನಾಡಿನ ಹಳ್ಳಿಗಳಲ್ಲಿ ಊರಾಚೆಯ ದಲಿತರ ವಸತಿಗೆ ಮೀಸಲಾಗಿ ಜಾತಿಯ ಭಾರವನ್ನು ಹೊತ್ತಿದೆ. ಜಾತಿಯ ಹೆಸರು ಹಚ್ಚಿದ ಕೇರಿಗಳು ನಮ್ಮಲ್ಲೂ ಉಂಟು. ಆದರೂ ಬರಿಯ ಕೇರಿ ಎಂದರೆ ಅದು ಯಾರದ್ದಾದರೂ ಆಗಬಹುದು. ನಗರದ ಬಡವರ ಮಾತು ಬಂದಾಗ ಮಾತ್ರ ನಾವು ಅದರ ಹಿಂದೆ ಕೊಳೆಯನ್ನು ಸೇರಿಸಿ ಕೊಳೆಗೇರಿ ಎಂದೆವು.

ತಮಿಳುನಾಡು 1970ರಲ್ಲಿ ಸ್ಥಾಪಿಸಿದ ಮಂಡಳಿಯ ಹೆಸರು ‘ಕುಡಿಸೈ ಮಾಟ್ರು ವಾರಿಯಂ’, ಅಂದರೆ ಗುಡಿಸಲುಗಳನ್ನು ಬದಲಿಸುವ ಮಂಡಳಿ. ಅವರ ಕಣ್ಣು ಬಿದ್ದದ್ದು ಸೂರಿನ ಮೇಲೆ. ನಮ್ಮ 1973ರ ಕಾಯ್ದೆ ಹೆಸರಿಸಿದ್ದು ‘ಕೊಳಚೆ ಪ್ರದೇಶ’ವನ್ನು; ಮುಂದೆ ನಮ್ಮ ಮಂಡಳಿಯ ಹೆಸರಿನಿಂದ ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದರೂ ಕೊಳೆ ಹಾಗೆಯೇ ಉಳಿಯಿತು. ತಮಿಳುನಾಡು 2021ರಲ್ಲಿ ಗುಡಿಸಲನ್ನೂ ಕೈಬಿಟ್ಟು ‘ನಗರ ವಾಸಸ್ಥಳ’ ಎಂದು ಬದಲಿಸಿಕೊಂಡಿತು. ಹಾಗೆಂದು ಅಲ್ಲಿಯವರನ್ನು ಹೊಗಳಲು ನಾನು ಸಿದ್ಧನಿಲ್ಲ: ನದಿಯ ದಂಡೆಯಿಂದ ಎಬ್ಬಿಸಿ ಚೆನ್ನೈನ ಹೊರವಲಯದ ಪೆರುಂಬಾಕ್ಕಂಗೆ ಸಾಗಿಸಿದ ಕುಟುಂಬಗಳಿಗೆ ಕೂಲಿ ಇನ್ನೂ ಹಳೆಯ ಬೀದಿಗಳಲ್ಲೇ ಇದೆ.

ನಮ್ಮದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರ ಪುಟ್ಟ ಮನೆಗಳ ಸಾಲಿಗೆ ‘ಲೈನ್’ ಎನ್ನುತ್ತಾರೆ. 2001ರಲ್ಲಿ ಗಣಿ ಮುಚ್ಚಿ ಚರಂಡಿ, ನೀರಿಗೆ ಪರದಾಡುವಂತಾದರೂ ಹೆಸರಿಗೆ ಮಸಿ ಹತ್ತಲಿಲ್ಲ. ಚರಂಡಿ ಕಟ್ಟದವರ ತಪ್ಪನ್ನು ಅಲ್ಲಿ ಬದುಕುವವರ ವಿಳಾಸದಲ್ಲಿ ಬರೆಯುವ ಕೆಲಸವನ್ನು ‘ಕೊಳೆಗೇರಿ’ ಎಂಬ ಕನ್ನಡದ ಈ ಒಂದು ಪದದಷ್ಟು ಸಲೀಸಾಗಿ ಬೇರಾವುದೂ ಮಾಡಿಲ್ಲವೇನೋ.

ಆದರೆ ಪದವನ್ನು ಏಕಾಏಕಿ ಅಳಿಸಿಬಿಡಿ ಎನ್ನಲೂ ಧೈರ್ಯ ಸಾಲದು, ಏಕೆಂದರೆ ಆ 1973ರ ಕಾಯ್ದೆಯ 3ನೇ ಪ್ರಕರಣದಡಿ ‘ಕೊಳಚೆ ಪ್ರದೇಶ’ ಎಂದು ಘೋಷಣೆಯಾದ ಜಾಗಕ್ಕೆ ಕಾನೂನಿನ ಆಸರೆ ಇದೆ. ಕಳೆದ ದಸರೆಗೆ ಊರಿಗೆ ಹೋದಾಗ, ಹಿಂದೆ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕ ನಾಲ್ಕು ಮಡಿಕೆಯಾದ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದರು. “ನಮ್ಮದು ಡಿಕ್ಲೇರ್ ಆಗೈತೆ ಅಣ್ಣಾ, ಇನ್ನು ಯಾರೂ ಎಬ್ಬಿಸಂಗಿಲ್ಲ” ಎಂದರು. ಅದೇ ಕವರಿನಲ್ಲಿ ಮಗಳ ಲಗ್ನಪತ್ರಿಕೆಯೂ ಇತ್ತು. ಅದರ ವಿಳಾಸದಲ್ಲಿ ‘ಬಡಾವಣೆ’ ಎಂದು ಅಚ್ಚು ಹಾಕಿಸಿದ್ದರು.