ಸಿಯಾಟಲ್‌ನ ಕಾಡು ಉದ್ಯಾನಗಳ ಬಗ್ಗೆ ಹರಿದಾಡುತ್ತಿರುವ ಸಂದೇಶ: ಒಂದು ಸ್ಪಷ್ಟನೆ

'ಅಮೆರಿಕದ ಸಿಯಾಟಲ್ ನಗರ ತನ್ನ ಕಾಡು ಉದ್ಯಾನಗಳನ್ನು ಸ್ವಯಂಸೇವಾ ಸಂಸ್ಥೆಗೆ ಬಿಟ್ಟುಕೊಟ್ಟಿದೆ. ಅಲ್ಲಿ ಯಾರು ಬೇಕಾದರೂ ಬಳ್ಳಿ ಕಿತ್ತು ಸಸಿ ನೆಟ್ಟು ಬರಬಹುದು' ಎಂಬ ಸಂದೇಶ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ನಗರಾಡಳಿತ ಮತ್ತು ಈಗ ಫೋರ್ಟೆರಾ ಎಂಬ ಹೆಸರಿನಲ್ಲಿರುವ ಲಾಭರಹಿತ ಸಂಸ್ಥೆ 2004ರಲ್ಲಿ ಆರಂಭಿಸಿದ 'ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್' ಒಂದು ಸಹಭಾಗಿತ್ವವೇ ಹೊರತು ಹಸ್ತಾಂತರವಲ್ಲ. ಸುಮಾರು 2,500 ಎಕರೆ ಕಾಡು ಉದ್ಯಾನಗಳ ಪುನಶ್ಚೇತನ ಅದರ ಗುರಿ. ಆ ಭೂಮಿ ಇಂದಿಗೂ ನಗರದ್ದೇ. ಸ್ವಯಂಸೇವಕರು ತರಬೇತಿ ಪಡೆದ ಮೇಲ್ವಿಚಾರಕರ ಜೊತೆ, ಆಯಾ ಜಾಗಕ್ಕೆ ರೂಪಿಸಿದ ಯೋಜನೆಯಂತೆ ಕೆಲಸ ಮಾಡುತ್ತಾರೆ.

ಈ ಮೇಲ್ವಿಚಾರಣೆ ಬರೀ ಔಪಚಾರಿಕತೆಯಲ್ಲ. ಮರಕ್ಕೆ ಹಬ್ಬಿದ ಇಂಗ್ಲಿಷ್ ಐವಿ ಎಂಬ ಕಳೆಬಳ್ಳಿಯನ್ನು ಮೇಲಿನಿಂದ ಎಳೆದರೆ ತೊಗಟೆಗೆ ಪೆಟ್ಟಾಗುತ್ತದೆ, ಒಣಕೊಂಬೆ ತಲೆಯ ಮೇಲೆ ಬೀಳಬಹುದು. ಆದ್ದರಿಂದ ಕಾಂಡದ ಸುತ್ತ ಬಳ್ಳಿಯನ್ನು ಎದೆಮಟ್ಟದಲ್ಲಿ ಕತ್ತರಿಸಿ, ಕೆಳಗಿನ ಭಾಗವನ್ನು ಬುಡದ ಬೇರಿನ ಸಮೇತ ತೆಗೆದು, ಮೇಲಿನದು ತಾನಾಗಿ ಒಣಗಲು ಬಿಡುತ್ತಾರೆ.

ಸಸಿ ನೆಟ್ಟಲ್ಲಿಗೆ ಕೆಲಸ ಮುಗಿಯುವುದೂ ಇಲ್ಲ. ಕಳೆ ತೆಗೆಯುವುದು, ನೆಡುವುದು, ಸಸಿ ಬೇರೂರುವವರೆಗಿನ ಆರೈಕೆ, ದೀರ್ಘಾವಧಿಯ ನಿಗಾ ಎಂದು ಅಲ್ಲಿ ನಾಲ್ಕು ಹಂತಗಳಿವೆ. ಮಳೆಯ ಊರೆಂದು ಹೆಸರಾದರೂ ಸಿಯಾಟಲ್‌ನ ಬೇಸಿಗೆ ಒಣ ಬೇಸಿಗೆ. ಎಳೆಯ ಸಸಿಗಳು ಸಾಯುವುದು ಆಗಲೇ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ, ಆದರೆ ಯಾವ ಫೋಟೋದಲ್ಲೂ ಕಾಣದ ಕೆಲಸವೆಂದರೆ ಈ ಮೂರನೆಯ ಹಂತದ್ದು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.