ಕೊಂದ ಪಾಪ ಹೂತರೆ ಪರಿಹಾರ

ಕೊಂದ ಪಾಪ ತಿಂದರೆ ಪರಿಹಾರ ಎಂಬ ಹಳೆಯ ಮಾತನ್ನು ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಅಧಿಕೃತವಾಗಿ ತಿದ್ದಿತು. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಅಲ್ಲಿಯವರೆಗೆ ಅರಣ್ಯ ಇಲಾಖೆಯ ಕೈಯಲ್ಲಿತ್ತು. ಅಂದಿನಿಂದ ಪಂಚಾಯಿತಿ ಅಧ್ಯಕ್ಷರು, ನಗರಸಭೆಯ ಅಧ್ಯಕ್ಷರು, ಮೇಯರುಗಳು ಎಲ್ಲರೂ ಗೌರವ ವನ್ಯಜೀವಿ ವಾರ್ಡನ್‌ಗಳಾದರು. ಚರಂಡಿ, ಬೀದಿದೀಪ, ಕುಡಿಯುವ ನೀರಿನ ಜೊತೆಗೆ ಹಂದಿಯ ಮರಣದಂಡನೆಗೂ ಸಹಿ ಹಾಕುವ ಹೊಣೆ ಅವರ ಹೆಗಲಿಗೆ ಬಿತ್ತು. ಪರವಾನಗಿ ಇರುವ ಕೋವಿಯವರ ಪಟ್ಟಿ ತಯಾರಾಯಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದು ಎಂಬ ನಿಯಮವೂ ಬಂತು, ಅದು ಸರಿಯಾದದ್ದೇ. ಕೊನೆಯಲ್ಲಿ ಬಂದದ್ದು ಈ ಆದೇಶದ ಕಿರೀಟಪ್ರಾಯವಾದ ನಿಯಮ: ಹೊಡೆದ ಹಂದಿಯನ್ನು ವೈಜ್ಞಾನಿಕವಾಗಿ ಹೂಳತಕ್ಕದ್ದು.

ಈ ವೈಜ್ಞಾನಿಕ ಅಂತ್ಯಕ್ರಿಯೆಯ ವಿಧಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಡಿಕೆ ತೋಟದ ಅಂಚಿನಲ್ಲಿ ಕೊಬ್ಬಿದ ಒಂದು ಹಂದಿ ಸಲಗ ಮಗ್ಗುಲಾಗಿ ಬಿದ್ದಿರುತ್ತದೆ. ಮೈಯ ಬಿರುಗೂದಲಿಗೆ ಅಂಟಿದ ಕೆಸರು ಇನ್ನೂ ಒಣಗಿರುವುದಿಲ್ಲ, ಕೋರೆಗಳ ನಡುವೆ ಹಿಂದಿನ ರಾತ್ರಿ ಕಿತ್ತು ತಿಂದ ಮರಗೆಣಸಿನ ಸಿಪ್ಪೆ ಸಿಕ್ಕಿಕೊಂಡಿರುತ್ತದೆ. ಸುತ್ತ ನಿಂತವರೆಲ್ಲ ಮೊದಲು ಫೋಟೋ ತೆಗೆಯುತ್ತಾರೆ, ಏಕೆಂದರೆ ಫೋಟೋ ಇಲ್ಲದೆ ಸತ್ತ ಹಂದಿ ಕಡತದ ಮಟ್ಟಿಗೆ ಸತ್ತಿರುವುದಿಲ್ಲ. ಗುಂಡಿ ತೋಡಲಾಗುತ್ತದೆ. ಹಂದಿಯನ್ನು ಕಾಲು ಹಿಡಿದು ಎಳೆದು ಒಳಗೆ ಉರುಳಿಸಿದ ಮೇಲೆ, ಕೆಲವು ಕಡೆ ಅದರ ಮೇಲೆ ಸೀಮೆಎಣ್ಣೆಯನ್ನೂ ಸುರಿಯುತ್ತಾರೆ. ರೋಗಾಣುಗಳ ಭಯದಿಂದ ಹಾಗೆ ಮಾಡುತ್ತಾರೆ ಎಂದು ನಂಬುವಷ್ಟು ಮುಗ್ಧರು ಆ ಗುಂಪಿನಲ್ಲಿ ಯಾರೂ ಇರುವುದಿಲ್ಲ. ರಾತ್ರಿ ಗುದ್ದಲಿ ಹಿಡಿದು ಬರಬಹುದಾದ ನಾಗರಿಕರ ನಾಲಗೆಯೇ ಇಲ್ಲಿ ನಿವಾರಿಸಬೇಕಾದ ರೋಗ. ಹೊಡೆದವನಿಗೆ ಗೌರವಧನ, ಹೂಳುವುದಕ್ಕೆ ಬೇರೆ ಖರ್ಚು. ಗೆಣಸು ಕಳೆದುಕೊಂಡವನು ಮಾತ್ರ ಪರಿಹಾರದ ಅರ್ಜಿಯನ್ನು ಮೂರು ಪ್ರತಿಯಲ್ಲಿ ತುಂಬುತ್ತಾ ಕೂತಿರುತ್ತಾನೆ.

ಇದೇನೂ ಕೇರಳದವರು ಹೊಸದಾಗಿ ಕಂಡುಹಿಡಿದ ವೇದಾಂತವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಓದಿದರೆ, ಅದನ್ನು ಬರೆದವರು ನಮ್ಮ ಅಡುಗೆಮನೆಗಳನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂದು ಆಶ್ಚರ್ಯವಾಗುತ್ತದೆ. ಆ ಕಾಯ್ದೆಯ ಪ್ರಕಾರ ಮಾಂಸ ಎಂದರೆ ರಕ್ತ, ಮೂಳೆ, ಸ್ನಾಯು, ಮೊಟ್ಟೆ, ಚಿಪ್ಪು, ಕೊಬ್ಬು ಎಲ್ಲವೂ ಸೇರಿ, ಚರ್ಮ ಇದ್ದರೂ ಇಲ್ಲದಿದ್ದರೂ, ಹಸಿಯಾಗಿದ್ದರೂ ಬೇಯಿಸಿದ್ದರೂ ಮಾಂಸವೇ. ಮೂವತ್ತೊಂಬತ್ತನೆಯ ಸೆಕ್ಷನ್ನಿನ ಪ್ರಕಾರ ಅನುಮತಿ ಪಡೆದು ಕೊಂದ, ತಪ್ಪಿ ಕೊಂದ, ತಾನಾಗಿ ಸತ್ತು ಬಿದ್ದಿದ್ದ ಕಾಡುಪ್ರಾಣಿಯೂ ಅದರ ಮಾಂಸವೂ ಸರ್ಕಾರದ ಸ್ವತ್ತು. ಅಂದರೆ ಒಲೆಯ ಮೇಲೆ ಕೊತಕೊತ ಕುದಿಯುತ್ತಿರುವ ಸಾರು ಮನೆಯ ಯಜಮಾನತಿಯದೆಂದು ತಿಳಿದವರು ಮೂರ್ಖರು. ಅದು ರಾಜ್ಯ ಸರ್ಕಾರದ ಆಸ್ತಿ, ಮೆಣಸು ಜೀರಿಗೆ ಅರೆದು ಹಾಕಿದ್ದು ಸರ್ಕಾರಿ ಆಸ್ತಿಯನ್ನು ವಿರೂಪಗೊಳಿಸಿದ ಹೆಚ್ಚುವರಿ ಅಪರಾಧ ಎಂದು ಯಾವ ವಕೀಲರಾದರೂ ವಾದಿಸಿದರೆ ನಾನು ಬೆರಗಾಗುವುದಿಲ್ಲ. ಇಂಥ ಸ್ವತ್ತು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ಮೈಮೇಲೆ ಬಿದ್ದ ಹಂದಿಯನ್ನು ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲವೆಂದು ಕಾಯ್ದೆ ದೊಡ್ಡ ಮನಸ್ಸಿನಿಂದ ಒಪ್ಪುತ್ತದೆ. ಆದರೆ ಕೊಂದ ಹಂದಿ ಸರ್ಕಾರದ್ದೇ. ತೊಡೆ ಸೀಳಿಸಿಕೊಂಡವನಿಗೆ ಆಸ್ಪತ್ರೆಯ ಚೀಟಿ, ಸೀಳಿದ್ದಕ್ಕೆ ಸರ್ಕಾರಿ ಮರ್ಯಾದೆ. ರಾಗಿ ಹೊಲಕ್ಕೆ ನುಗ್ಗಿ ಮೇಯುವಾಗ ಅದು ಯಾರ ಸ್ವತ್ತೆಂದು ರೈತ ಕೇಳಿದರೆ ಕಚೇರಿಯಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾರೆ. ಜೀವವಿರುವಾಗ ದಿಕ್ಕಿಲ್ಲದ ಪ್ರಾಣಿಗೆ ಸತ್ತ ತಕ್ಷಣ ವಾರಸುದಾರರು ಹುಟ್ಟುವುದು ಮನುಷ್ಯರಲ್ಲಿಯೂ ಇದ್ದದ್ದೇ, ಬಿಡಿ.

ಈ ವ್ಯಾಖ್ಯೆಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಉಪದ್ರವಕಾರಿ ಎಂದು ಅಧಿಸೂಚನೆಯಾದ ಪ್ರಾಣಿಯ ಮಾಂಸ ಈ ಮಾಂಸದ ಲೆಕ್ಕಕ್ಕೆ ಸೇರುವುದಿಲ್ಲ. 2015ರ ಕೊನೆಯಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿಯನ್ನೂ, 2016ರ ಆರಂಭದಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಯನ್ನೂ ಕೇಂದ್ರ ಸರ್ಕಾರ ಒಂದೊಂದು ವರ್ಷದ ಮಟ್ಟಿಗೆ ಹಾಗೆ ಸಾರಿತು. ಅಧಿಸೂಚನೆಯ ಹಿಂದಿನ ದಿನ ಸೆರೆಮನೆಗೆ ದಾರಿಯಾಗಿದ್ದ ತುಂಡು ಮರುದಿನ ಬೆಳಗ್ಗೆ ಬರಿಯ ತುಂಡಾಯಿತು, ವರ್ಷ ತುಂಬಿದ ಕೂಡಲೇ ಮತ್ತೆ ಪಾಪವಾಯಿತು. ಕೇರಳವೂ ಇದೇ ಭಾಗ್ಯವನ್ನು ಬೇಡಿ ದೆಹಲಿಗೆ ಮತ್ತೆ ಮತ್ತೆ ಪತ್ರ ಬರೆದು ಇಲ್ಲವೆನ್ನಿಸಿಕೊಂಡಿತು. ಆಹಾರದ ಶುದ್ಧಾಶುದ್ಧಿಯನ್ನು ಪಂಚಾಂಗ ನೋಡಿ ನಿರ್ಧರಿಸುವವರನ್ನು ಕಂಡು ನಗುವ ನಾವು ಗೆಜೆಟ್ ನೋಡಿ ನಿರ್ಧರಿಸುವವರನ್ನು ಕಂಡು ಎದ್ದು ನಿಲ್ಲುತ್ತೇವೆ.

ಇನ್ನು ತಿಂದವನನ್ನು ಹಿಡಿಯುವ ಬಗೆ. ಪಾತ್ರೆಯಲ್ಲಿ ಉಳಿದ ನಾಲ್ಕು ಹೋಳುಗಳನ್ನು ಪಂಚರ ಸಮಕ್ಷಮ ಡಬ್ಬಿಗೆ ತುಂಬಿ, ಅರಗಿನ ಮೊಹರು ಹಾಕಿ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಪ್ರಯೋಗಾಲಯದಂಥ ಕಡೆಗೆ ಡಿಎನ್‌ಎ ಪರೀಕ್ಷೆಗೆ ಕಳುಹಿಸುತ್ತಾರೆ. ಊರಹಂದಿಯೂ ಕಾಡುಹಂದಿಯೂ ಜೀವಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ, ಸಾವಿರಾರು ವರ್ಷಗಳ ಹಿಂದೆ ಮನೆಗೆ ಬಂದದ್ದು ಊರಿನದಾಯಿತು, ಬಾರದೆ ಉಳಿದದ್ದು ಕಾಡಿನದಾಯಿತು. ಆದುದರಿಂದ ಇಬ್ಬರು ದಾಯಾದಿಗಳ ನಡುವಿನ ವ್ಯತ್ಯಾಸವನ್ನು ಹುಳಿ ಹಿಂಡಿ ಬೇಯಿಸಿದ ಸಾರಿನಲ್ಲಿ ಹುಡುಕುವುದು ವಿಜ್ಞಾನಕ್ಕೂ ಸುಲಭದ ಕೆಲಸವಲ್ಲ. ಫಲಿತಾಂಶ ಬರುವವರೆಗೆ ತಿಂದವನು ಕೋರ್ಟಿಗೆ ಅಲೆಯುತ್ತಾನೆ. 2022ರಲ್ಲಿಯೇ ಇಡುಕ್ಕಿ ಜಿಲ್ಲೆಯಲ್ಲಿ ಆದಿವಾಸಿ ಯುವಕನೊಬ್ಬ ಕಾಡುಮಾಂಸ ಸಾಗಿಸಿದನೆಂದು ಬಂಧಿತನಾದ. ಅದು ಕಟ್ಟಿದ ಪ್ರಕರಣವೆಂದು ಆಮೇಲೆ ಬಯಲಾಗಿ, ಹಿಡಿದ ಅಧಿಕಾರಿಗಳೇ ಅಮಾನತಾದರು. ಕಾಡಿನ ಮಾಂಸ ಸಿಗದಿದ್ದರೂ ಕಾಡಿನ ಮನುಷ್ಯನಂತೂ ಕೈಗೆ ಸಿಗುತ್ತಾನಲ್ಲ.

ಕಾಯ್ದೆಯ ಪರವಾಗಿ ಹೇಳಬೇಕಾದ ಮಾತೂ ಇದೆ, ಅದು ಹಗುರವಾದ ಮಾತೇನೂ ಅಲ್ಲ. ಹೊಡೆದದ್ದನ್ನು ತಿನ್ನಬಹುದು ಎಂದ ದಿನ ಬೆಳೆ ಇಲ್ಲದ ಊರಿನಲ್ಲಿಯೂ ಬೆಳೆ ರಕ್ಷಣೆ ಶುರುವಾಗುತ್ತದೆ; ಹಂದಿಯ ಹೆಸರಿನಲ್ಲಿ ಕಡವೆ, ಕಾಡುಕುರಿ, ಬರಿಂಕಗಳೂ ಚೀಲ ಸೇರುತ್ತವೆ; ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆಯೋ ಹುಲಿಯೋ ಕೊರಳು ಕೊಟ್ಟು ಸಾಯುವುದನ್ನು ಕೊಡಗು, ಮಲೆನಾಡಿನವರು ಇಂದಿಗೂ ಕಾಣುತ್ತಿದ್ದಾರೆ. ಮಾರುಕಟ್ಟೆ ಎಂಬುದು ಕಾಡನ್ನು ಬರಿದು ಮಾಡುವ ವೇಗಕ್ಕೆ ಯಾವ ಹಸಿವೂ ಸಾಟಿಯಲ್ಲ. ಇಷ್ಟನ್ನು ಒಪ್ಪಿದ ಮೇಲೂ ನನಗೆ ಬಗೆಹರಿಯದ ಸಂಗತಿಯೆಂದರೆ, ಆ ಮಾರುಕಟ್ಟೆಗೆ ಸೀಮೆಎಣ್ಣೆಯ ವಾಸನೆ ಈವರೆಗೂ ತಟ್ಟಿಲ್ಲ ಎಂಬುದು. ವಾರಾಂತ್ಯಕ್ಕೆ ಬೆಟ್ಟ ಹತ್ತಿ ಬರುವ ಅತಿಥಿಗಳು ತಂಗುಮನೆಯ ಅಡುಗೆಯವನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಏನಾದರೂ ಸ್ಪೆಷಲ್ ಇದೆಯಾ ಅಣ್ಣ?" ಎಂದು ಕೇಳುತ್ತಾರೆ. ಅಡುಗೆಯವನು ಅತ್ತಿತ್ತ ನೋಡಿ, ಅರ್ಧ ಗಂಟೆ ಬಿಟ್ಟು, ಪೇಟೆಯ ಅಂಗಡಿಯಿಂದ ತಂದ ಊರಹಂದಿಯನ್ನೇ ನಾಲ್ಕು ಪಟ್ಟು ಬೆಲೆಗೆ ಬಡಿಸುತ್ತಾನೆ. ಅತಿಥಿಗಳು ಅದರಲ್ಲಿ ಕಾಡಿನ ಘಮವನ್ನು ಗುರುತಿಸಿ ತಲೆದೂಗುತ್ತಾರೆ. ಹೈದರಾಬಾದಿನ ಪ್ರಯೋಗಾಲಯಕ್ಕೂ ಕಷ್ಟವಾದದ್ದು ಅವರ ನಾಲಗೆಗೆ ಸಲೀಸು. ಸೋಮವಾರ ಬೆಂಗಳೂರಿಗೆ ಮರಳಿದ ಅದೇ ಕೈಗಳು ವನ್ಯಜೀವಿ ಸಂರಕ್ಷಣೆಯ ಅರ್ಜಿಗೆ ಸಹಿಯನ್ನೂ ಹಾಕುತ್ತವೆ.

ಬಾಯಿಗೆ ಹೋದದ್ದರ ಮೇಲೆ ಇಷ್ಟು ಕಠಿಣವಾದ ಕಾಯ್ದೆ ಗೋಡೆಗೆ ಏರಿದ್ದರ ಬಗ್ಗೆ ಬಹಳ ಮೃದು. ತಾತ ಹೊಡೆದ ಕಾಟಿಯ ತಲೆಗೆ ಮಾಲೀಕತ್ವದ ಪ್ರಮಾಣಪತ್ರ ಇದ್ದರೆ ಅದು ಪಡಸಾಲೆಯಲ್ಲಿ ಗಾಜಿನ ಕಣ್ಣು ಬಿಟ್ಟುಕೊಂಡು ವಂಶದ ಗೌರವ ಕಾಯಬಹುದು. ಘೋಷಿಸದೆ ಇಟ್ಟುಕೊಂಡಿದ್ದವರಿಗೆ 2003ರಲ್ಲಿ ಘೋಷಿಸಿಕೊಳ್ಳಲು ಇನ್ನೊಂದು ಅವಕಾಶವೂ ಸಿಕ್ಕಿತು. 2023ರ ಅಕ್ಟೋಬರಿನಲ್ಲಿ ಕಿರುತೆರೆಯ ಸ್ಪರ್ಧಿಯೊಬ್ಬರ ಕೊರಳಲ್ಲಿ ಹುಲಿಯುಗುರು ಕಂಡು ಕರ್ನಾಟಕದ ಅರಣ್ಯ ಇಲಾಖೆ ಎಚ್ಚೆತ್ತಾಗ, ಗಣ್ಯರ ಮನೆಗಳಲ್ಲಿ ಉಗುರುಗಳು ಮಳೆಗಾಲದ ಅಣಬೆಯಂತೆ ಎದ್ದವು. ಮರುವರ್ಷದ ಆರಂಭದಲ್ಲಿ ಸರ್ಕಾರ ಅಂಥ ವಸ್ತುಗಳನ್ನು ಒಪ್ಪಿಸಲು ಎಲ್ಲರಿಗೂ ತಿಂಗಳುಗಟ್ಟಲೆ ಕಾಲಾವಕಾಶ ಕೊಟ್ಟಿತು. ಬಾಡಿನ ಸಾರಿಗೆ ಅಂಥ ಕಾಲಾವಕಾಶ ಕೊಟ್ಟದ್ದನ್ನು ನಾನು ಕೇಳಿಲ್ಲ. ಸಾರು ಹಳಸುತ್ತದೆ ಎಂಬುದು ಒಂದು ಕಾರಣವಿರಬಹುದು. ಸಾರು ಉಣ್ಣುವವರ ಮನೆಗೆ ಪಡಸಾಲೆ ಇರುವುದಿಲ್ಲ ಎಂಬುದು ಇನ್ನೊಂದು.

ಬೇಟೆಯ ಹೆಮ್ಮೆ ಈ ನಾಡಿಗೆ ಹೊಸತೇ? 949ರ ಸುಮಾರಿನ ಆತಕೂರು ಶಾಸನ ಹುಟ್ಟಿದ್ದೇ ಒಂದು ಹಂದಿಬೇಟೆಯಿಂದ. ಗಂಗರ ಅರಸ ಬೂತುಗನ ವೀರ ಮಣಲೇರನಿಗೆ ಮೆಚ್ಚುಗೆಯಾಗಿ ಸಿಕ್ಕಿದ್ದ ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ನಾಯಿಗೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಹಂದಿಯ ಬಾಡಿನ ಮಹಜರನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ 2029ರವರೆಗೂ ಉಂಟು, ಕೈಲ್‌ಪೊಳ್ದಿನ ದಿನ ಅದಕ್ಕೆ ಹೂವಿಟ್ಟು ಪೂಜೆಯೂ ಉಂಟು. ಪೂಜೆ ಮುಗಿದ ಮೇಲೆ ಗುರಿ ಇಡುವುದು ತೆಂಗಿನಕಾಯಿಗೆ, ಕಾಚಂಪುಳಿ ಹಾಕಿ ಬೇಯಿಸುವುದು ಸಾಕಿದ ಹಂದಿಯನ್ನು. ತೆಂಗಿನಕಾಯಿ ಕಾಯ್ದೆಯ ರಕ್ಷಿತ ಪ್ರಾಣಿಗಳ ಅನುಸೂಚಿಯಲ್ಲಿ ಇನ್ನೂ ಸೇರಿಲ್ಲವಾದ್ದರಿಂದ ಒಡೆದ ಹೋಳನ್ನು ಮನೆಗೆ ಒಯ್ಯಲು ಅಡ್ಡಿಯಿಲ್ಲ.

ಹೊರದೇಶದವರೇನೂ ನಮಗಿಂತ ಹಿಂದಿಲ್ಲ. 2024ರ ಆಗಸ್ಟಿನಲ್ಲಿ ಬರದಿಂದ ತತ್ತರಿಸಿದ ನಮೀಬಿಯಾ 83 ಆನೆ, 300 ಜೀಬ್ರಾಗಳೂ ಸೇರಿ 723 ಕಾಡುಪ್ರಾಣಿಗಳನ್ನು ಕೊಂದು ಮಾಂಸವನ್ನು ಹಸಿದವರಿಗೆ ಹಂಚುತ್ತೇನೆ ಎಂದಾಗ, ಹೊಟ್ಟೆ ತುಂಬಿದ ಖಂಡಗಳಿಂದ ಕಣ್ಣೀರಿನ ಮಹಾಪೂರ ಹರಿಯಿತು. ಅದೇ ವರ್ಷ, ಬೇಟೆಯ ಸ್ಮರಣಿಕೆಗಳ ಆಮದನ್ನು ಬಿಗಿಗೊಳಿಸುವ ಮಾತಾಡಿದ ಜರ್ಮನಿಗೆ ಬೋಟ್ಸ್ವಾನದ ಅಂದಿನ ಅಧ್ಯಕ್ಷ ಮಸಿಸಿ 20,000 ಆನೆಗಳನ್ನು ಉಡುಗೊರೆಯಾಗಿ ಕಳುಹಿಸುವುದಾಗಿ ಬೆದರಿಕೆ ಹಾಕಿದರು. ಆ ಜರ್ಮನಿಯಲ್ಲಿಯೋ ಬೇಟೆಯಾಡಿದ ಕಾಡುಹಂದಿ ಮಾಂಸದಂಗಡಿಯಲ್ಲಿ ತೂಗಿಬಿದ್ದಿರುತ್ತದೆ. 1986ರ ಚೆರ್ನೋಬಿಲ್ ದುರಂತದ ವಿಕಿರಣ ಬವೇರಿಯದ ಹಂದಿಗಳಲ್ಲಿ ಇನ್ನೂ ಉಳಿದಿರುವುದರಿಂದ, ಕಿಲೋಗೆ 600 ಬೆಕೆರೆಲ್ ಮೀರಿಲ್ಲವೇ ಎಂದು ಅಳೆದು ಮಾರುತ್ತಾರೆ. ಅವರು ತಿನ್ನಬಹುದೇ ಎಂದು ತಿಳಿಯಲು ಹಂದಿಯನ್ನು ಪರೀಕ್ಷಿಸುತ್ತಾರೆ, ನಾವು ತಿಂದವರು ಯಾರೆಂದು ತಿಳಿಯಲು.

ಈ ಗೊಂದಲದ ನಡುವೆ ಸುಖವಾಗಿರುವುದು ಕಾಸರಗೋಡಿನ ಗಡಿಯ ಹಂದಿಗಳು ಮಾತ್ರ. ಎಣ್ಮಕಜೆಯಲ್ಲೋ ದೇಲಂಪಾಡಿಯಲ್ಲೋ ಕನ್ನಡಿಗ ಕೃಷಿಕನ ಅಡಿಕೆ ಸಸಿ ಬುಡಮೇಲು ಮಾಡುವಾಗ ಅವು ಪಂಚಾಯಿತಿ ಅಧ್ಯಕ್ಷರ ಸಹಿಗೆ ಒಳಪಟ್ಟಿರುತ್ತವೆ; ತೋಡು ದಾಟಿ ಸುಳ್ಯ, ಪುತ್ತೂರಿನ ಕಡೆಗೆ ಮೂತಿ ತಿರುಗಿಸಿದರೆ ಆ ಸಹಿ ಅವನ್ನು ಹಿಂಬಾಲಿಸುವುದಿಲ್ಲ. ಕೇರಳದ ಬದಿಯಲ್ಲಿ ಹೂತ ಸಲಗ ಮಣ್ಣಾಗಿ, ಆ ಮಣ್ಣಿನ ಸಾರ ಹೀರಿದ ಮರದಲ್ಲಿ ಮುಂದಿನ ಸಲ ಗೊನೆ ದಪ್ಪಗೆ ಬಂದರೆ, ಆ ಅಡಿಕೆ ಸರ್ಕಾರದ ಸ್ವತ್ತಿನಿಂದ ಉತ್ಪನ್ನವಾದದ್ದೋ ಅಲ್ಲವೋ ಎಂಬ ಪ್ರಶ್ನೆಯನ್ನು ನಾನು ವಕೀಲರಿಗೆ ಬಿಡುತ್ತೇನೆ. ಆದರೆ ಹಂದಿಗಳು ಅಷ್ಟು ಕಾಲ ಕಾಯುವುದಿಲ್ಲ. ಮೂಗಿಗೆ ನೆಲದ ವಾಸನೆ ಹತ್ತಿದರೆ ಅಗೆಯುವುದು, ಸತ್ತದ್ದು ಸಿಕ್ಕಿದರೆ ತಿನ್ನುವುದು ಅವುಗಳ ಜಾಯಮಾನ. ಸೀಮೆಎಣ್ಣೆ ಸುರಿಯದ ಗುಂಡಿಯೊಂದನ್ನು ರಾತ್ರಿ ಕೆದಕಿ, ಹಿಂದಿನ ದಿನದ ಸಲಗವನ್ನು ಅದರ ನೆಂಟರೇ ತಿಂದು ಮುಗಿಸಿದರೆ, ಸರ್ಕಾರಿ ಸ್ವತ್ತನ್ನು ಕಬಳಿಸಿದ್ದಕ್ಕೆ ಅವುಗಳ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. 48 ಗಂಟೆಯೊಳಗೆ ಠಾಣೆಗೆ ತಿಳಿಸಬೇಕಾದವನು "ಯಾವುದೇ ವ್ಯಕ್ತಿ" ಎಂದು ಕಾಯ್ದೆ ಹೇಳುತ್ತದೆಯೇ ಹೊರತು ಯಾವುದೇ ಹಂದಿ ಎನ್ನುವುದಿಲ್ಲ. ಹೊಡೆದ ಕಾಡುಹಂದಿಯ ಮಾಂಸವನ್ನು ನಿರ್ಭಯವಾಗಿ ಉಣ್ಣುವ ಹಕ್ಕು ಇಂದು ಇನ್ನೊಂದು ಕಾಡುಹಂದಿಗೆ ಮಾತ್ರ ಉಳಿದಿದೆ, ಮತ್ತು ಊಟ ಮುಗಿಸಿ ಅದು ನೇರವಾಗಿ ಗೆಣಸಿನ ಗದ್ದೆಗೆ ಇಳಿಯುತ್ತದೆ.