ಮದ್ಯಪ್ರಿಯರು ಮತ್ತು ಗಾಂಜಾ ಗ್ಯಾಂಗ್

ಅಬಕಾರಿ ಸುಂಕ ಏರಿದ ಮರುದಿನ ನಮ್ಮ ಸುದ್ದಿಗಳನ್ನು ನೋಡಿ. "ಮದ್ಯಪ್ರಿಯರಿಗೆ ಶಾಕ್" ಅಂತ ಇರುತ್ತದೆ. ಇಳಿದರೆ "ಎಣ್ಣೆ ಪ್ರಿಯರಿಗೆ ಗುಡ್ ನ್ಯೂಸ್". ಸಂಗೀತಪ್ರಿಯರು, ಕ್ರಿಕೆಟ್ ಪ್ರಿಯರು ಇದ್ದ ಹಾಗೆ ಮದ್ಯಪ್ರಿಯರು. ಅದೇ ಚಾನೆಲ್ಲಿನಲ್ಲಿ ಸ್ವಲ್ಪ ಹೊತ್ತಿಗೆ ಇನ್ನೊಂದು ಸುದ್ದಿ. "ಗಾಂಜಾ ಗ್ಯಾಂಗ್ ಅಂದರ್."

ನಮ್ಮ ಮನೆಯಲ್ಲಿ ಇಬ್ಬರೂ ಇದ್ದಾರೆ. ಒಬ್ಬರು ನನ್ನ ಸೋದರಮಾವ, ಇನ್ನೊಬ್ಬ ನನ್ನ ತಮ್ಮ. ಇಬ್ಬರಿಗೂ ಇದ್ದದ್ದು ಕಾಯಿಲೆ. ಆ ಪದ ಮಾತ್ರ ಎರಡು ಸುದ್ದಿಯಲ್ಲೂ ಬರಲಿಲ್ಲ. ಇದನ್ನು ಇಬ್ಬರಿಗೂ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಹಾಕುತ್ತಿದ್ದೇನೆ. ಯಾರು ಅಂತ ಗೊತ್ತಿರುವವರು ದಯವಿಟ್ಟು ಕಾಮೆಂಟಿನಲ್ಲಿ ಹೆಸರು ಹಾಕಬೇಡಿ.

ಮಾವನಿಂದ ಶುರು ಮಾಡುತ್ತೇನೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಬಾರು, ವೈನ್ ಶಾಪು, ಎಂಎಸ್‌ಐಎಲ್ ಎಲ್ಲ ಬಂದ್. ಇಪ್ಪತ್ತು ವರ್ಷ ದಿನಾ ಕುಡಿದ ದೇಹ ಅದು. ಎರಡನೇ ದಿನ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಮೂರನೇ ದಿನ ರಾತ್ರಿ ಗೋಡೆ ತುಂಬಾ ಹುಳ ಹರಿದಾಡುತ್ತಿವೆ ಅಂತ ಚೀರಿದರು. ಅತ್ತೆ ಗಾಳಿ ಸೋಕಿದೆ ಅಂದುಕೊಂಡು ಕುಂಕುಮ ನಿವಾಳಿಸಿದರು. ಪುಣ್ಯಕ್ಕೆ ಪಕ್ಕದ ಮನೆಯ ನರ್ಸ್ ಬಂದು ನೋಡಿದರು, ಆಸ್ಪತ್ರೆಗೆ ಸಾಗಿಸಿದರು. ಜಾಸ್ತಿ ಕುಡಿಯುವವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೇ ಹೋಗಬಹುದು ಅಂತ ನಮಗೆ ಗೊತ್ತಾದದ್ದು ಅವತ್ತೇ.

ಆ ದಿನಗಳಲ್ಲಿ ಮೂರು ಹೊತ್ತೂ ಟಿವಿ ಓಡುತ್ತಿತ್ತು. ಆದರೂ ಗೊತ್ತಿರಲಿಲ್ಲ ನೋಡಿ. ನಮ್ಮ ರಾಜ್ಯದಲ್ಲೂ ಕೇರಳದಲ್ಲೂ ಕುಡಿತ ತಪ್ಪಿದ ಸಂಕಟಕ್ಕೆ ಜೀವ ಕಳೆದುಕೊಂಡವರಿದ್ದರು. ಟಿವಿಯಲ್ಲಿ ಅದು ಸಿನಿಮಾ ಹಾಡು ಹಚ್ಚಿದ ತಮಾಷೆ ಐಟಂ. ಮೇ 4ಕ್ಕೆ ಅಂಗಡಿ ತೆಗೆದಾಗ ಕ್ಯಾಮೆರಾಗಳೆಲ್ಲ ಕ್ಯೂ ಮುಂದೆ. ಪಟಾಕಿ ಹೊಡೆದವರು, ಅಂಗಡಿಗೆ ಪೂಜೆ ಮಾಡಿದವರು. ಮೊದಲ ದಿನ 45 ಕೋಟಿ ರೂಪಾಯಿ ವ್ಯಾಪಾರ, ಎರಡನೇ ದಿನ 197 ಕೋಟಿ ಅಂತ ಲೆಕ್ಕ ಕೊಟ್ಟರು. ಕೈ ನಡುಗುತ್ತಿದ್ದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅಂತ ಆ ನಲವತ್ತು ದಿನದಲ್ಲಿ ನಾನು ನೋಡಿದ ಒಂದು ಬುಲೆಟಿನ್ನೂ ಹೇಳಲಿಲ್ಲ. ಹೇಳಿದ್ದರೆ ಅತ್ತೆ ಒಂದು ರಾತ್ರಿ ಕಳೆದುಕೊಳ್ಳುತ್ತಿರಲಿಲ್ಲ.

ಈಗ ತಮ್ಮ. ಅದು ಲಾಕ್‌ಡೌನಿಗೂ ಮುಂಚಿನ ಮಾತು. ಊರಾಚೆ ಖಾಲಿ ಲೇಔಟಿನಲ್ಲಿ ಕೂತಿದ್ದ ಏಳು ಹುಡುಗರನ್ನು ಪೊಲೀಸರು ಹಿಡಿದರು. ಮೂತ್ರ ಪರೀಕ್ಷೆ ಆಯಿತು. ಗಾಂಜಾ ಸೇದಿದ್ದು ನಿಜ, ಸೇವನೆ ಕೇಸು ಹಾಕಿದರು. ಕಾನೂನು ಇದೆ, ಹಾಕಿದರು, ನನಗೆ ಅದರ ಬಗ್ಗೆ ತಕರಾರಿಲ್ಲ. ಯಾರ ಹತ್ತಿರವೂ ಮಾರುವಷ್ಟು ಮಾಲು ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂದು ಲೋಕಲ್ ಯೂಟ್ಯೂಬ್ ಚಾನೆಲ್ಲಿನಲ್ಲಿ ವಿಡಿಯೋ ಬಂತು. ನೆಲದ ಮೇಲೆ ಸಾಲಾಗಿ ಕೂರಿಸಿದ ಹುಡುಗರು. ಎಡದಿಂದ ಎರಡನೆಯವನು ನನ್ನ ತಮ್ಮ. ಮುಖದ ಸುತ್ತ ಕೆಂಪು ವೃತ್ತ. ಹಿಂದೆ ಹಾರರ್ ಸಿನಿಮಾದ ಮ್ಯೂಸಿಕ್ಕು. ಪಕ್ಕದಲ್ಲಿ ಸಿರಿಂಜ್, ಬಿಳಿ ಪುಡಿ ಇರುವ ಯಾವುದೋ ಚಿತ್ರ. ಗಾಂಜಾವನ್ನು ಯಾರೂ ಸಿರಿಂಜಿನಲ್ಲಿ ಚುಚ್ಚಿಕೊಳ್ಳುವುದಿಲ್ಲ. ಇಷ್ಟೂ ಗೊತ್ತಿಲ್ಲದವರು ನಮಗೆ "ಡ್ರಗ್ಸ್ ಲೋಕದ ಅಸಲಿ ಕಥೆ" ಹೇಳುತ್ತಾರೆ.

ಮಧ್ಯಾಹ್ನದೊಳಗೆ ಅದು ಅಪ್ಪನ ಕಡೆಯವರ ವಾಟ್ಸಾಪ್ ಗ್ರೂಪಿಗೆ ಬಂತು. ಅಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ನೋಡಿದರು. ಆಮೇಲೆ ಮೂರು ತಿಂಗಳು ರೇಷನ್ ತರಲಿಕ್ಕೂ ಹೊರಗೆ ಹೋಗಲಿಲ್ಲ.

ಆ ವಿಡಿಯೋದಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಅದಕ್ಕೆ ಹದಿನೈದು ದಿನ ಮುಂಚೆ ಅವನೇ ನನಗೆ ಫೋನ್ ಮಾಡಿದ್ದ. "ಅಕ್ಕಾ, ಬಿಡಕ್ಕೆ ಆಗ್ತಿಲ್ಲ ಕಣೆ. ಯಾರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗು" ಅಂದಿದ್ದ. ಅಷ್ಟು ಹೇಳಲು ಅವನಿಗೆ ಎರಡು ವರ್ಷ ಬೇಕಾಗಿತ್ತು. ಒಂದು ಸಲ ಹೋಗಿ ಬಂದಿದ್ದೆವು. ಮುಂದಿನ ವಾರ ಬನ್ನಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ವಿಡಿಯೋ ಬಂದ ಮೇಲೆ ಅವನು ಹೋಗಲಿಲ್ಲ. "ಅಲ್ಲಿ ಕ್ಯೂನಲ್ಲಿ ಕೂತಿರೋರೆಲ್ಲ ನೋಡಿರ್ತಾರೆ" ಅಂದ. ಮತ್ತೆ ಆ ಬಾಗಿಲು ಹತ್ತಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗಾಂಜಾ ಹೋಗಿ ನಶೆಯ ಮಾತ್ರೆಗೆ ಬಂದಿದ್ದ.

1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆ ಕೇಸು ಅಥವಾ ಸಣ್ಣ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಅವನನ್ನು ವಿಚಾರಣೆಗೆ ಗುರಿ ಮಾಡುವ ಹಾಗಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ವಾಪಸ್ ಹೋಗಬಹುದು, ಅಷ್ಟೇ. ಅಂದರೆ ಕಾನೂನಿಗೇ ಗೊತ್ತಿದೆ ಇದು ಕಾಯಿಲೆ ಅಂತ. ಇಷ್ಟು ವರ್ಷದಲ್ಲಿ ಎಷ್ಟು "ಗ್ಯಾಂಗ್ ಅಂದರ್" ನೋಡಿದ್ದೇನೋ ಲೆಕ್ಕವಿಲ್ಲ. 64ಎ ಅನ್ನುವ ಪದವನ್ನು ನಾನು ವಕೀಲರ ಬಾಯಲ್ಲಿ ಮೊದಲು ಕೇಳಿದ್ದು.

2020ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಕೋವಿಡ್ ಮೊದಲ ಅಲೆ ಏರಿ ನಿಂತಿದ್ದ ತಿಂಗಳು. ನಮ್ಮ ಚಾನೆಲ್ಲುಗಳಿಗೆ ಮಾತ್ರ ಸ್ಯಾಂಡಲ್‌ವುಡ್ ಡ್ರಗ್ಸ್ ಕೇಸು ಬಿಟ್ಟು ಬೇರೆ ಲೋಕವೇ ಇರಲಿಲ್ಲ. ಇಬ್ಬರು ನಟಿಯರು "ನಶೆ ರಾಣಿಯರು" ಆದರು. ಜೈಲಿನಲ್ಲಿ ಏನು ಊಟ ಮಾಡಿದರು, ರಾತ್ರಿ ಅತ್ತರಾ, ನಿದ್ದೆ ಬಂತಾ, ಎಲ್ಲವೂ ಬ್ರೇಕಿಂಗ್ ನ್ಯೂಸ್. ಮರುವರ್ಷ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಟ ಶಾರುಖ್ ಖಾನ್ ಮಗ ಆರ್ಯನ್ ಖಾನ್ ಸರದಿ. ಆ ಹುಡುಗ ಮೂರು ವಾರಕ್ಕೂ ಜಾಸ್ತಿ ಒಳಗಿದ್ದ. 2022ರ ಮೇ ತಿಂಗಳಲ್ಲಿ ಕೇಸು ಹಾಕಿದ್ದ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯೇ ಚಾರ್ಜ್‌ಶೀಟಿನಲ್ಲಿ ಅವನ ಹೆಸರು ಸೇರಿಸಲಿಲ್ಲ, ಸಾಕಷ್ಟು ಸಾಕ್ಷ್ಯ ಇಲ್ಲ ಅಂದಿತು. ಬಂಧನಕ್ಕೆ ಕೊಟ್ಟ ಗಂಟೆಗಳಲ್ಲಿ ಕಾಲು ಭಾಗವನ್ನಾದರೂ ಇದಕ್ಕೆ ಕೊಟ್ಟಿದ್ದರಾ? ಶಾರುಖ್ ಖಾನ್ ಮಗನಿಗೆ ಅಷ್ಟಾದರೂ ತಿದ್ದುಪಡಿ ಸಿಕ್ಕಿತು. ನಮ್ಮಂಥವರ ಮಕ್ಕಳ ಕೇಸು ಮುಗಿದಾಗ ಯಾರೂ ಮೈಕ್ ಹಿಡಿದುಕೊಂಡು ಬರುವುದಿಲ್ಲ.

ಪದದಲ್ಲಿ ಏನಿದೆ ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ 2010ರಲ್ಲಿ ಜಾನ್ ಕೆಲ್ಲಿ ಎಂಬ ಸಂಶೋಧಕ ಐನೂರಕ್ಕೂ ಹೆಚ್ಚು ಮಾನಸಿಕ ಆರೋಗ್ಯ ತಜ್ಞರಿಗೆ ಒಬ್ಬ ರೋಗಿಯ ವಿವರ ಓದಲು ಕೊಟ್ಟರು. ವಿವರ ಎಲ್ಲರಿಗೂ ಒಂದೇ, ಬದಲಾಗಿದ್ದು ಒಂದೇ ಪದ. ಅರ್ಧ ಜನರಿಗೆ "ಮಾದಕ ವಸ್ತು ದುರ್ಬಳಕೆ ಮಾಡುವವನು" ಅಂತ, ಉಳಿದವರಿಗೆ "ಮಾದಕ ವಸ್ತು ಬಳಕೆಯ ಕಾಯಿಲೆ ಇರುವವನು" ಅಂತ. ಮೊದಲನೇ ಪದ ಓದಿದವರಲ್ಲಿ ಇವನದೇ ತಪ್ಪು, ಇವನಿಗೆ ಶಿಕ್ಷೆ ಆಗಬೇಕು ಅನ್ನುವ ಕಡೆ ವಾಲಿದವರು ಜಾಸ್ತಿ. ಓದಿ ಕಲಿತ ತಜ್ಞರೇ ಹೀಗಾದರೆ ನಮ್ಮ ಬೀದಿಯವರನ್ನು ಏನು ಹೇಳುವುದು? ಅಮೆರಿಕದ ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿ ಸಂಸ್ಥೆ 2017ರಲ್ಲೇ ತನ್ನ ಭಾಷಾ ಕೈಪಿಡಿಯಲ್ಲಿ ಜನರನ್ನು "ಅಡಿಕ್ಟ್" ಅಂತ ಕರೆಯಬೇಡಿ ಅಂತ ಬರೆಯಿತು.

ಇದೇನು ನಮಗೆ ಆಗದ ಕೆಲಸ ಅಲ್ಲ. ನಿಮ್ಹಾನ್ಸನ್ನು "ಹುಚ್ಚಾಸ್ಪತ್ರೆ" ಅಂತಿದ್ದ ಕಾಲ ಇತ್ತು. ಈಗ ಯಾವ ಪತ್ರಿಕೆಯೂ ಹಾಗೆ ಬರೆಯುವುದಿಲ್ಲ. "ಅವರಿಗೆ ಶುಗರ್ ಇದೆ" ಅಂತ ನಾವೇ ಎಷ್ಟು ಸಹಜವಾಗಿ ಹೇಳುತ್ತೇವೆ. ಅದೇ ನಾಲಿಗೆಗೆ "ಅವನಿಗೆ ಕುಡಿತದ ಕಾಯಿಲೆ ಇದೆ" ಅನ್ನುವುದು ಕಷ್ಟವಾ?

2019ರಲ್ಲಿ ಏಮ್ಸ್‌ನವರು ಮಾಡಿದ ರಾಷ್ಟ್ರೀಯ ಸಮೀಕ್ಷೆ ಬಂತು. ಕುಡಿತದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಉಳಿದ 37 ಮನೆಗಳಲ್ಲೂ ಟಿವಿ ಇರುತ್ತದೆ, ಮೊಬೈಲ್ ಇರುತ್ತದೆ. ಸುದ್ದಿಯ ಕೊನೆಗೆ 14446 ಅಂತ ಒಂದು ಸಾಲು ಹಾಕಲಿ. ಅದು ವ್ಯಸನಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ, ಉಚಿತ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ. ಆತ್ಮಹತ್ಯೆಯ ಸುದ್ದಿಗೆ ಈಗ ಎಷ್ಟೋ ಕಡೆ ನಂಬರ್ ಹಾಕುತ್ತಾರಲ್ಲ, ಹಾಗೆ.

ಮಾವ ಕುಡಿಯದೆ ನಾಲ್ಕು ವರ್ಷ ಆಯಿತು. ಅದಕ್ಕೂ ಮುಂಚೆ ಎರಡು ಸಲ ಜಾರಿದ್ದರು, ಮತ್ತೆ ಡಾಕ್ಟರ ಹತ್ತಿರ ಹೋಗಿದ್ದರು. ತಮ್ಮ ಈಗ ವೈರಿಂಗ್ ಕೆಲಸ ಹಿಡಿದಿದ್ದಾನೆ, ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. ಹೋದ ವರ್ಷ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗಿಯ ದೊಡ್ಡಪ್ಪ ಅವನ ಹೆಸರು, ಊರು ಹಾಕಿ ಹುಡುಕಿದರು. ಮೊದಲು ಬಂದದ್ದೇ ಆ ವಿಡಿಯೋ. ಮಾತು ಅಲ್ಲಿಗೇ ನಿಂತಿತು.

ಆ ಚಾನೆಲ್ಲಿಗೆ ಮೂರು ಸಲ ಬರೆದಿದ್ದೆ, ಉತ್ತರ ಬರಲಿಲ್ಲ. ನಿನ್ನೆ ನಾಲ್ಕನೇ ಮೇಲ್ ಹಾಕಿದ್ದೇನೆ. ಸುದ್ದಿ ತೆಗೆಯಿರಿ ಅಂತ ಕೇಳಿಲ್ಲ. ಏಳು ಹುಡುಗರ ಮುಖ ಮಸುಕು ಮಾಡಿ ಅಂತ ಅಷ್ಟೇ ಕೇಳಿದ್ದೇನೆ.